ಕಣಜದ ಕೀಲಿ ಯಾರ ಕೈಯಲ್ಲಿ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ನಾವು ಜೋಳದ ರೊಟ್ಟಿ ಉಂಡು ಬೆಳೆದವರು. ಆದರೆ ಇಂದು ನಮ್ಮ ಹೊಲಗಳಲ್ಲಿ ತೊಗರಿಯೇ ಹೆಚ್ಚು. ಬಡಮನೆಗಳ ಒಲೆ ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ನೆಚ್ಚಿದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಹಸಿವನ್ನು ತಗ್ಗಿಸಿತೆಂಬುದನ್ನು ನಾವು ಅಲ್ಲಗಳೆಯೆವು. ಆದರೂ 2023ರಲ್ಲಿ ಕೇಂದ್ರವು ಅಕ್ಕಿ ಮಾರಲು ಒಪ್ಪದೆ ಹೋದಾಗ, ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ರಾಜ್ಯವು ತಲೆಗೆ 170 ರೂಪಾಯಿ ಹಣ ಕೊಡಬೇಕಾಯಿತು. ನಮ್ಮ ಗಂಗಾಳದ ಅನ್ನದ ತೀರ್ಮಾನ ದೂರದ ಕಚೇರಿಗಳಲ್ಲಿ ಆಗುತ್ತಿದೆಯೆಂಬುದು ಅಂದು ಬಯಲಾಯಿತು.

ಚಿಂಚೋಳಿಯ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ದಲಿತ ಮಹಿಳೆಯರು ಬೇರೆಯೇ ದಾರಿ ತೋರಿದ್ದಾರೆ. ಅಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರು ನಮ್ಮ ಮೈಸೂರಿನವರೇ ಆದ, 2023ರಲ್ಲಿ ನಿಧನರಾದ ಪಿ.ವಿ. ಸತೀಶ್. ಸರ್ಕಾರ ದಲಿತರಿಗೆ ಹಂಚಿದ್ದ ಭೂಮಿ ಬಹುಮಟ್ಟಿಗೆ ಕಲ್ಲುಬೀಳು. 1990ರ ದಶಕದ ಮಧ್ಯಭಾಗದಲ್ಲಿ ಸಂಘಗಳ ಮಹಿಳೆಯರು ಬೀಳುಭೂಮಿಗೆ ಸಾಲ ಪಡೆದು, ಗೊಬ್ಬರ ಹಾಕಿ ಜೋಳ ಬೆಳೆದರು. ಸಾಲವನ್ನು ಹಣವಾಗಿ ಅಲ್ಲ, ಜೋಳವಾಗಿ ತೀರಿಸಿದರು. ಆ ಕಾಳು ಊರಿನ ಕಣಜ ಸೇರಿತು. ಯಾರು ಕಡುಬಡವರೆಂದು ಊರವರೇ ಕೂಡಿ ನಿರ್ಧರಿಸಿ, ಮಳೆಗಾಲದ ಕೊರತೆಯ ದಿನಗಳಲ್ಲಿ ಅವರಿಗೆ ಕಡಿಮೆ ಬೆಲೆಗೆ ಕೊಟ್ಟರು. ಬೀಜವನ್ನೂ ಬೂದಿ, ಬೇವಿನೆಲೆಯಲ್ಲಿಟ್ಟು ತಾವೇ ಕಾಪಾಡಿಕೊಂಡರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಇವರಿಗೆ ಸಂದಿತು.

ಅಮೆರಿಕದ ಕರಿಯರ ಅನುಭವವೂ ಇದಕ್ಕೆ ಹತ್ತಿರದ್ದು. 1962ರಲ್ಲಿ ಮತದಾರರಾಗಲು ಮುಂದಾದರೆಂಬ ಕಾರಣಕ್ಕೆ ಫ್ಯಾನಿ ಲೂ ಹೇಮರ್ ಅವರನ್ನು ಜಮೀನುದಾರನು ಹೊರಹಾಕಿದನು. ಅನ್ನ ಕಸಿದರೆ ಮತವನ್ನೂ ಕಸಿಯಬಹುದೆಂದು ಅರಿತ ಆಕೆ 1969ರಲ್ಲಿ ಮಿಸಿಸಿಪ್ಪಿಯಲ್ಲಿ ಸಹಕಾರಿ ಕೃಷಿಕ್ಷೇತ್ರವನ್ನೇ ತೆರೆದರು.

ಯೋಸೇಫನು ಬರಗಾಲಕ್ಕೆ ಕಾಳು ಕೂಡಿಟ್ಟ ಕಥೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇವೆ. ಆದಿಕಾಂಡದ 47ನೆಯ ಅಧ್ಯಾಯವನ್ನು ಮಾತ್ರ ಅಷ್ಟಾಗಿ ಓದುವುದಿಲ್ಲ. ಆ ಕಣಜದ ಕಾಳಿಗಾಗಿ ಜನರು ಮೊದಲು ಹಣ, ಆಮೇಲೆ ದನಕರು, ಕೊನೆಗೆ ಹೊಲವನ್ನೇ ಫರೋಹನಿಗೆ ಒಪ್ಪಿಸಿದರು! ಸಣ್ಣ ರೈತರ ಬೇಸಾಯಕ್ಕೆ ಬೆಂಬಲ ಬೇಕೆಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ವಿಶ್ವಪತ್ರದಲ್ಲಿ ಬರೆದದ್ದು ಇದೇ ಆತಂಕದಿಂದ.

ಸಿಮೆಂಟ್ ಕಾರ್ಖಾನೆಯಲ್ಲೂ ಕಲ್ಲುಗಣಿಯಲ್ಲೂ ದುಡಿಯುವ ನಮ್ಮವರಲ್ಲಿ ಹಲವರಿಗೆ ಹೊಲವಿಲ್ಲ, ನಿಜ. ಆದರೆ ಮಹಿಳಾ ಸ್ವಸಹಾಯ ಸಂಘಗಳಲ್ಲಿ ವಾರವಾರ ಹಣ ಕೂಡಿಡುವ ನಾವು, ಸುಗ್ಗಿಯಲ್ಲಿ ನೆರೆಯ ರೈತರಿಂದಲೇ ಜೋಳ ಕೊಂಡು ಒಂದು ಹಗೇವು ತುಂಬಲಾರೆವೆ? ಬರುವ ಹಿಂಗಾರಿನ ಮೊದಲು ಧರ್ಮಕೇಂದ್ರದ ಸಭೆಗಳಲ್ಲಿ ಈ ಪ್ರಶ್ನೆಯನ್ನು ಎತ್ತಬೇಕೆಂದಿದ್ದೇವೆ.