ಮಗಳು ಕಡಿಮೆ ಉಣ್ಣುತ್ತಾಳೆಂದು ಹೊಗಳುವ ಮುನ್ನ

ಭಾಲ್ಕಿಯ ಒಂದು ಮದುವೆ ಮನೆ. ಹೆಂಗಸರ ಕಡೆ ದಸ್ತರ್‌ಖಾನ್ ಹಾಸಿತ್ತು. ಬಗಾರಾ ಅನ್ನ, ದಾಲ್ಚಾ, ಖೋರ್ಮಾ, ಕೊನೆಗೆ ಖುಬಾನಿಯ ಸಿಹಿ. ನನ್ನೆದುರು ಔರಾದ್ ಕಡೆಯ ಒಬ್ಬ ಹುಡುಗಿ ಕುಳಿತಿದ್ದಳು. ಹದಿನೇಳರ ವಯಸ್ಸು, ಬೀದರ್‌ನಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದವಳು. ಅನ್ನವನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸಿದಳು. ಮಾಂಸದ ತುಂಡನ್ನು ಅನ್ನದ ಕೆಳಗೆ ಅಡಗಿಸಿದಳು. ಮೂರು ಲೋಟ ನೀರು ಕುಡಿದಳು. ಪಕ್ಕದಲ್ಲಿದ್ದ ಹಿರಿಯ ಖಾಲಾ ಒಬ್ಬರು ಅವಳ ಬೆನ್ನು ಸವರಿ, "ನೋಡ್ರಿ, ಎಷ್ಟು ನಾಜೂಕು ಹುಡುಗಿ! ಒಂದು ಹಿಡಿ ಅನ್ನ ಸಾಕು ಇವಳಿಗೆ. ಇಂಥ ಸೊಸೆ ಸಿಗಬೇಕು" ಎಂದರು. ತಾಯಿಯ ಮುಖ ಅರಳಿತು. ನಾನೂ ಮುಗುಳ್ನಕ್ಕೆ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತೇನೆ.

ಎಂಟು ತಿಂಗಳ ಬಳಿಕ ಆ ತಾಯಿಯ ಫೋನ್ ಬಂತು. ಮಗಳು ಹಾಸ್ಟೆಲ್‌ನಲ್ಲಿ ತಲೆಸುತ್ತಿ ಬಿದ್ದಿದ್ದಳು. ತೂಕ 34 ಕಿಲೋ. ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಬೇಸಿಗೆಯಲ್ಲೂ ಚಳಿ ಎಂದು ಶಾಲು ಹೊದೆಯುತ್ತಿದ್ದಳು. ಒಬ್ಬ ವೈದ್ಯರು ಗ್ಯಾಸ್ ಎಂದು ಮಾತ್ರೆ ಕೊಟ್ಟರು, ಇನ್ನೊಬ್ಬರು ಹಸಿವಿನ ಟಾನಿಕ್ ಬರೆದರು. ಮನೆಯವರು ನಜರ್ ಆಗಿದೆ ಎಂದು ಮೆಣಸಿನಕಾಯಿ ಇಳಿಸಿದರು. ಇಷ್ಟೆಲ್ಲ ಹೇಳಿದ ಮೇಲೆ ಆ ತಾಯಿ ಸ್ವಲ್ಪ ಹೆಮ್ಮೆಯಿಂದಲೇ ಒಂದು ಮಾತು ಸೇರಿಸಿದರು: "ಆದರೂ ನೋಡಿ ಆಪಾ, ಈ ಸಲ ರಮಝಾನಿನ ಒಂದು ರೋಜಾವನ್ನೂ ಅವಳು ಬಿಡಲಿಲ್ಲ."

ಓದುಗ ಸಹೋದರಿಯರೇ, ಆ ಮಾತು ಕೇಳಿ ನನಗೆ ದಿಗಿಲಾಯಿತು. ನಿಮಗೂ ಕಾರಣ ತಿಳಿದಿರಬಹುದು. ಹದಿನೇಳರ ಹುಡುಗಿ ತಿಂಗಳು ಪೂರ್ತಿ ಒಂದೂ ಬಿಡದೆ ಉಪವಾಸ ಹಿಡಿಯುವುದು ಹೇಗೆ? ಮುಟ್ಟಿನ ದಿನಗಳಲ್ಲಿ ಉಪವಾಸವಿಲ್ಲ, ಆಮೇಲೆ ಪೂರೈಸುತ್ತೇವೆ. "ಅವಳ ತಿಂಗಳ ರಜೆ?" ಎಂದು ಕೇಳಿದೆ. ಆ ಕಡೆ ಮೌನ. ಐದು ತಿಂಗಳಿಂದ ಆಗಿರಲೇ ಇಲ್ಲ. ಅಶಕ್ತಿಯಿಂದ ಇರಬೇಕು ಎಂದು ತಾಯಿ ಸುಮ್ಮನಿದ್ದರು, ಮಗಳೂ ಹೇಳಿಕೊಂಡಿರಲಿಲ್ಲ.

ಈ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರಿದೆ. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಷಾರ್ಲ್ ಲಾಸೆಗ್ ಎಂಬ ವೈದ್ಯರಿಬ್ಬರು ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಆ ಪದಕ್ಕೆ ಹಸಿವಿಲ್ಲದಿರುವುದು ಎಂಬ ಅರ್ಥ, ಆದರೆ ಹೆಸರೇ ತಪ್ಪು. ಹಸಿವು ಇರುತ್ತದೆ, ಹುಡುಗಿ ಅದನ್ನು ಹತ್ತಿಕ್ಕುತ್ತಾಳೆ, ಹತ್ತಿಕ್ಕಿದೆನೆಂಬ ಗೆಲುವಿನಲ್ಲಿ ಒಂದು ಬಗೆಯ ನೆಮ್ಮದಿ ಕಾಣುತ್ತಾಳೆ. ಇದರ ಇನ್ನೊಂದು ರೂಪ ಬುಲಿಮಿಯಾ. ಅದನ್ನು ಪ್ರತ್ಯೇಕ ಕಾಯಿಲೆಯಾಗಿ 1979ರಲ್ಲಿ ವಿವರಿಸಿದವರು ಜೆರಾಲ್ಡ್ ರಸೆಲ್. ಒಮ್ಮೆಲೇ ಹೊಟ್ಟೆ ಬಿರಿಯೆ ತಿಂದು, ನಾಚಿ, ಬಚ್ಚಲಿಗೆ ಹೋಗಿ ಬೆರಳು ಹಾಕಿ ಕಕ್ಕುವುದು. ತೂಕ ಹೆಚ್ಚೇನೂ ಇಳಿಯದಿರುವುದರಿಂದ ಮನೆಯವರಿಗೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಹಲ್ಲಿನ ಹೊಳಪು ಸವೆಯುತ್ತದೆ, ರಕ್ತದಲ್ಲಿ ಪೊಟ್ಯಾಷಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಇದು ಹಟವಲ್ಲ, ನಖರಾ ಅಲ್ಲ.

"ಅಯ್ಯೋ, ಇದೆಲ್ಲ ದೊಡ್ಡ ಊರಿನ, ಹೊರದೇಶದ ಶ್ರೀಮಂತರ ಮಕ್ಕಳಿಗೆ ಬರುವ ಕಾಯಿಲೆ. ನಮ್ಮ ಔರಾದ್, ಭಾಲ್ಕಿಯಲ್ಲಿ ತಿನ್ನಲು ಸಿಕ್ಕರೆ ಸಾಕು" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. 2021ರ ಡಿಸೆಂಬರ್‌ನಲ್ಲಿ ಸರಕಾರ ಶಾಲಾ ಮಕ್ಕಳ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಮೊದಲು ಆರಿಸಿದ ಏಳು ಜಿಲ್ಲೆಗಳಲ್ಲಿ ಬೀದರ್ ಒಂದಾಗಿತ್ತು. ಇಲ್ಲಿ ಅಪೌಷ್ಟಿಕತೆ ಹೆಚ್ಚು ಎಂಬುದೇ ಕಾರಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು 30 ಮಂದಿಯ ತೂಕ ಮಿತಿಗಿಂತ ಹೆಚ್ಚು. ಒಂದೇ ಓಣಿಯಲ್ಲಿ ಉಣ್ಣಲು ಸಾಲದವಳೂ ಇದ್ದಾಳೆ, ತೂಕ ಇಳಿಸಲು ಬಿಸಿನೀರಿಗೆ ಜೇನು ಬೆರೆಸಿ ಕುಡಿಯುವವಳೂ ಇದ್ದಾಳೆ. ಇವರಿಬ್ಬರ ನಡುವೆ ಉಣ್ಣಲು ಇದ್ದೂ ಉಣ್ಣದ ಮೂರನೆಯವಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಫಿಜಿ ಎಂಬ ದ್ವೀಪ ದೇಶದ ಕಥೆ ಕೇಳಿ. ಅಲ್ಲಿ ಮೈತುಂಬಿದ ಹೆಣ್ಣಿಗೇ ಗೌರವ. ಊಟ ಬಲವಂತ ಮಾಡಿ ಬಡಿಸುವುದು ಅವರ ರೂಢಿ, ನಮ್ಮ ಹಾಗೆಯೇ. 1995ರಲ್ಲಿ ಆ ದೇಶದ ನಾಡ್ರೋಗಾ ಪ್ರಾಂತ್ಯಕ್ಕೆ ಟಿ.ವಿ. ಬಂತು. ಆ್ಯನ್ ಬೆಕರ್ ಎಂಬ ವೈದ್ಯೆ ಆಗಲೇ ಅಲ್ಲಿನ ಶಾಲಾ ಹುಡುಗಿಯರನ್ನು ಪ್ರಶ್ನಿಸಿದ್ದರು. ತೂಕ ಇಳಿಸಲು ಕಕ್ಕುತ್ತೇನೆ ಎಂದವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ಮತ್ತೆ ಹೋದಾಗ ನೂರಕ್ಕೆ 11 ಹುಡುಗಿಯರು ಹಾಗೆ ಮಾಡುತ್ತಿದ್ದರು. ಮೂರೇ ವರ್ಷ! ನಮ್ಮ ಮಕ್ಕಳ ಕೈಯಲ್ಲಿ ಇಂದು ಇರುವುದು ಟಿ.ವಿ. ಅಲ್ಲ, ರಾತ್ರಿ ಹಾಸಿಗೆಯ ತನಕ ಬರುವ ಫೋನ್. ಅದರಲ್ಲಿ ಸಾವಿರ ಮುಖಗಳು, ಸಾವಿರ ಸೊಂಟಗಳು.

ಆದರೆ ಎಲ್ಲ ತಪ್ಪನ್ನೂ ಫೋನಿನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ದೆಹಲಿಯ ವೈದ್ಯರು 1995ರಲ್ಲಿ ಐವರು ಯುವತಿಯರ ಬಗ್ಗೆ ಬರೆದಿದ್ದಾರೆ. ಊಟ ಬಿಟ್ಟಿದ್ದರು, ಕಕ್ಕುತ್ತಿದ್ದರು, ಸೊರಗಿದ್ದರು. ಆದರೆ ದಪ್ಪಗಾಗುವ ಭಯವನ್ನು, ಪುಸ್ತಕಗಳಲ್ಲಿ ಬರೆದಂತೆ, ಅವರು ಹೇಳಿಕೊಳ್ಳಲಿಲ್ಲ. ಹಾಂಗ್‌ಕಾಂಗಿನಲ್ಲೂ ಸಿಂಗ್ ಲೀ ಎಂಬ ಮನೋವೈದ್ಯರು ಇಂಥವರನ್ನೇ ಕಂಡಿದ್ದರು. ನಮ್ಮ ಕಡೆ ಹುಡುಗಿ "ನಾನು ದಪ್ಪ" ಎನ್ನದೆ "ಹೊಟ್ಟಿ ತುಂಬ್ಯಾದ", "ವಾಕರಿಕೆ ಬರ್ತದ", "ಸೇರಲ್ಲ" ಎನ್ನಬಹುದು. ವೈದ್ಯರು ಗ್ಯಾಸಿನ ಮಾತ್ರೆ ಬರೆಯುತ್ತಾರೆ. ಬೆಂಗಳೂರಿನ ಮನೋವೈದ್ಯರ ನಡುವೆ ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಇಬ್ಬರು ವೈದ್ಯರು ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದೇವೆ ಎಂದರು. ಅಂದರೆ ಕಾಯಿಲೆ ನಮ್ಮ ರಾಜ್ಯದಲ್ಲೂ ಇದೆ.

ಹಾಗಾದರೆ ಔರಾದಿನ ಹುಡುಗಿ ಯಾಕೆ ಊಟ ಬಿಟ್ಟಳು? ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ವಂಶವಾಹಿಯ ಪಾಲೂ ಇದರಲ್ಲಿದೆ, ಆದ್ದರಿಂದ ತಾಯಂದಿರೇ, ನಿಮ್ಮನ್ನು ಕಟಕಟೆಗೆ ನಿಲ್ಲಿಸಲು ನಾನು ಬರೆಯುತ್ತಿಲ್ಲ. ಆದರೆ ಅವಳ ಮಾತನ್ನು ಕೇಳಿದಾಗ ನನಗೆ ಕಂಡದ್ದನ್ನು ಹೇಳಬೇಕು. ಹದಿನಾರರಲ್ಲಿ ಅವಳನ್ನು ನೋಡಲು ಬಂದವರು "ಬಣ್ಣ ಪರವಾಗಿಲ್ಲ, ಮೈ ಸ್ವಲ್ಪ ಹೆಚ್ಚು" ಎಂದು ಹೇಳಿ ಹೋಗಿದ್ದರು. ಆಮೇಲೆ ಮನೆಗೆ ಬಂದ ಫುಫು, ಖಾಲಾ, ಪಕ್ಕದ ಮನೆಯವರು, ಎಲ್ಲರ ಮೊದಲ ಮಾತೂ "ಇಳಿದಿದ್ದೀಯಾ, ಏರಿದ್ದೀಯಾ" ಎಂದೇ. ಸಲಾಮ್ ಹೇಳುವುದಕ್ಕೂ ಮೊದಲು ಮೈಯ ಅಳತೆ! ಇತ್ತ ತಂದೆಗೆ ಮಗಳು ಡಾಕ್ಟರಾಗಬೇಕು, ನೀಟ್ ಬರೆಯಬೇಕು. ತಾಯಿಯ ಮನೆಯವರಿಗೆ ಪರೀಕ್ಷೆಗೂ ಮೊದಲೇ ನಿಕಾಹ್ ಆಗಬೇಕು. ಯಾವುದಕ್ಕೂ ಅವಳನ್ನು ಕೇಳಿದವರಿಲ್ಲ. ಓದು ಅವಳದಲ್ಲ, ಮದುವೆ ಅವಳದಲ್ಲ. ತುತ್ತು ಬಾಯಿಗೆ ಹೋಗಬೇಕೋ ಬೇಡವೋ ಎಂಬುದೊಂದು ಮಾತ್ರ ಅವಳ ಕೈಯಲ್ಲಿತ್ತು. ಅದನ್ನೇ ಹಿಡಿದುಕೊಂಡಳು.

ಅವಳು ಹಿಡಿದದ್ದನ್ನು ನಾವೆಲ್ಲ ಸೇರಿ ಗುಣವೆಂದು ಹೊಗಳಿದೆವು. ಗಂಡಸರು, ಮಕ್ಕಳು ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವವಳೇ ಒಳ್ಳೆಯ ಹೆಂಗಸು ಎಂದು ನಮಗೆ ಕಲಿಸಿದ್ದಾರೆ. ಮದುಮಗಳು ವೇದಿಕೆಯ ಮೇಲೆ ಹೊಟ್ಟೆ ತುಂಬ ಉಂಡರೆ ಅದೊಂದು ಸುದ್ದಿ. ನೆರೆಮನೆಯ ಅಕ್ಕಂದಿರ ಸೋಮವಾರ, ಗುರುವಾರದ ಉಪವಾಸವೂ ಇದೆ, ನಮ್ಮ ನಫಿಲ್ ಉಪವಾಸವೂ ಇದೆ. ಅವು ತಪ್ಪಲ್ಲ. ಆದರೆ ಊಟ ತಪ್ಪಿಸಲು ನೆಪ ಹುಡುಕುವ ಹುಡುಗಿಗೆ ಅವು ಒಳ್ಳೆಯ ಮರೆಯಾಗಬಲ್ಲವು. ಯಾರೂ ಪ್ರಶ್ನಿಸುವುದಿಲ್ಲ, ಮೇಲೆ ಮೆಚ್ಚುಗೆ ಬೇರೆ. ಕಾಯಿಲೆಯವರಿಗೆ ರಮಝಾನಿನ ಉಪವಾಸದಿಂದಲೇ ವಿನಾಯಿತಿ ಇದೆ ಎಂಬುದು ನಮ್ಮೆಲ್ಲರಿಗೂ ಗೊತ್ತು. ಜ್ವರ ಬಂದವಳಿಗೆ ಅದನ್ನು ನೆನಪಿಸುತ್ತೇವೆ. 34 ಕಿಲೋ ತೂಗುವವಳಿಗೆ ಮಾತ್ರ ನೆನಪಿಸುವುದಿಲ್ಲ.

ಹಸಿವು ತಲೆಯನ್ನೇ ಕೆಡಿಸುತ್ತದೆ ಎಂಬುದಕ್ಕೂ ಪುರಾವೆ ಇದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಗಟ್ಟಿಮುಟ್ಟಾದ ಆ ಗಂಡಸರು ಅಡುಗೆ ಪುಸ್ತಕ ಕೂಡಿಡತೊಡಗಿದರು, ಒಂದು ಊಟವನ್ನು ತಾಸುಗಟ್ಟಲೆ ಎಳೆದರು, ಸಿಡುಕಿದರು, ಗೆಳೆಯರಿಂದ ದೂರವಾದರು. ಅದನ್ನು ಓದಿದಾಗ ನನಗೆ ಔರಾದಿನ ಹುಡುಗಿ ತಮ್ಮಂದಿರಿಗೆ ದಿನಾ ಹೊಸ ಹೊಸ ತಿಂಡಿ ಮಾಡಿ ಬಡಿಸಿ, ತಾನು ಮುಟ್ಟದೆ ನೋಡುತ್ತ ಕೂರುತ್ತಿದ್ದದ್ದು ನೆನಪಾಯಿತು. "ಅಡುಗೆ ಮೇಲೆ ಎಷ್ಟು ಆಸೆ ನೋಡಿ" ಎಂದು ಅದಕ್ಕೂ ಮೆಚ್ಚಿಕೊಂಡಿದ್ದರು!

ಮನೆಯಲ್ಲಿ ಇಂಥ ಮಗಳಿದ್ದರೆ, ಅಥವಾ ಮಗನಿದ್ದರೆ (ಹುಡುಗರಿಗೂ ಬರುತ್ತದೆ, ಜಿಮ್ಮಿನ ಹುಚ್ಚಿನಲ್ಲಿ ಮುಚ್ಚಿಹೋಗುತ್ತದೆ), ಬೈದು, ಆಣೆ ಹಾಕಿಸಿ ತಿನ್ನಿಸಲು ಹೋಗಬೇಡಿ. ಬಹಳ ದಿನ ಸೊರಗಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಊಟ ಕೊಡುವುದೂ ಅಪಾಯ. ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಕುತ್ತು ಬರಬಹುದು. ಮೊದಲು ವೈದ್ಯರಿಗೆ ತೋರಿಸಿ, ರಕ್ತ ಪರೀಕ್ಷೆ, ಇಸಿಜಿ ಮಾಡಿಸಿ. ಮುಟ್ಟು ನಿಂತಿರುವುದನ್ನು ನಾಚದೆ ಹೇಳಿ. ಮನೋವೈದ್ಯರ ಹೆಸರೆತ್ತಿದರೆ "ಹುಚ್ಚು ಎಂದಾರು, ಸಂಬಂಧ ಬಂದೀತೇ" ಎಂಬ ಅಂಜಿಕೆ ನನಗೂ ಅರ್ಥವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಮನೆಯಿಂದಲೇ ಮಾತಾಡಲು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಔರಾದಿನವರು ಕೊನೆಗೆ ಮಗಳನ್ನು ಹೈದರಾಬಾದಿಗೆ ಕರೆದೊಯ್ದರು. ಮೂರು ವಾರ ಆಸ್ಪತ್ರೆ, ಆಮೇಲೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಬರುವುದು. ಅಲ್ಲಿನ ವೈದ್ಯೆ ಇಡೀ ಮನೆಯವರನ್ನು ಕೂರಿಸಿ ಮಾತಾಡಿಸಿದರಂತೆ. ತಂದೆ ನೀಟ್ ಒಂದು ವರ್ಷ ಮುಂದೂಡಲು ಒಪ್ಪಿದರು. ನೋಡಲು ಬರುವವರಿಗೆ ಸದ್ಯ ಬೇಡ ಎಂದು ಹೇಳಿ ಕಳಿಸಿದರು, ಅದಕ್ಕೆ ಅಜ್ಜಿ ಇನ್ನೂ ಮುನಿದಿದ್ದಾರೆ. ಮನೆಯಲ್ಲಿದ್ದ ತೂಕದ ಯಂತ್ರವನ್ನು ತಾಯಿ ಕಪಾಟಿನ ಮೇಲೆ ಎತ್ತಿಟ್ಟರು. ಎರಡು ಸಲ ಮತ್ತೆ ಊಟ ಬಿಟ್ಟಳು, ಮತ್ತೆ ಹಿಡಿದಳು. ಮೊನ್ನೆ ತಾಯಿಯ ಫೋನ್ ಬಂದಾಗ ಹಿಂದಿನಿಂದ ಜಗಳದ ಸದ್ದು ಕೇಳುತ್ತಿತ್ತು. ಏನಾಯಿತು ಎಂದು ಕೇಳಿದೆ. ತಾಯಿ ನಕ್ಕರು. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಮಗಳು ಕೂಗಾಡುತ್ತಿದ್ದಳು.