ಆರು ತಿಂಗಳ ಮಾತ್ರೆ ಕೊಡಲು ಅಡ್ಡಿಯೇನು?

ಮಾನ್ಯ ಸಂಪಾದಕರೇ,

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರಿಗೆ ನಿಮ್ಮ ಪುರವಣಿಯಲ್ಲಿ ಬಂದ ಸಲಹೆಗಳನ್ನು ಓದಿದೆ. ಸಾರಿನ ಪುಡಿ ಕಟ್ಟಿಕೊಳ್ಳುವ ಬಗೆ, ಬಿಪಿ, ಶುಗರ್ ಮಾತ್ರೆಗಳ ಜೊತೆ ವೈದ್ಯರ ಚೀಟಿ ಇರಬೇಕೆಂಬ ಮಾತು, ಎಲ್ಲ ಇತ್ತು. ಎಚ್‌ಐವಿ ಇರುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮಗೂ ಹೆಣ್ಣುಮಕ್ಕಳಿದ್ದಾರೆ, ಅವರಿಗೂ ಹೆರಿಗೆಯಾಗುತ್ತದೆ.

ನಾನು ಕುಂದಾಪುರ ಕಡೆಯವಳು. ಮುಂಬೈ ಹೋಟೆಲಿನಲ್ಲಿ ದುಡಿಯುತ್ತಿದ್ದ ಯಜಮಾನರು ತೀರಿಕೊಂಡ ವರ್ಷವೇ ನನಗೂ ಸೋಂಕಿದೆಯೆಂದು ಗೊತ್ತಾಯಿತು. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ 2004ರ ಏಪ್ರಿಲ್ 1ರಿಂದ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡತೊಡಗಿತ್ತು. ಆ ಔಷಧದಿಂದಲೇ ನಾನು ಬದುಕಿದೆ, ಮಗಳನ್ನು ಓದಿಸಿದೆ. ಆ ಋಣ ಮರೆತು ಈ ಪತ್ರ ಬರೆಯುತ್ತಿಲ್ಲ. ಈಗ ದಿನಕ್ಕೊಂದೇ ಮಾತ್ರೆ. ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಪತ್ತೆಯಾಗದೆ ವರ್ಷಗಳೇ ಕಳೆದಿವೆ. ಅಂಥವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ದಾಟುವುದಿಲ್ಲವೆಂದು ವೈದ್ಯಲೋಕ ಒಪ್ಪಿರುವಾಗ, ಮೊಮ್ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದರೆ ಏನಾದೀತು?

ಆದರೂ ಮೊದಲ ಅಡ್ಡಗೋಡೆ ಊರಿನಲ್ಲೇ ಎದ್ದಿತು. ಪರಿಚಯದವರೊಬ್ಬರಿಗೆಂದು ಹೇಳಿ ಟ್ರಾವೆಲ್ ಏಜೆಂಟರನ್ನು ವಿಚಾರಿಸಿದೆ. 'ಎಚ್‌ಐವಿ ಇದ್ದವರಿಗೆ ಫಾರಿನ್ ಇಲ್ಲ' ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಕರಾವಳಿಯಲ್ಲಿ ಫಾರಿನ್ ಎಂದರೆ ಗಲ್ಫ್. ಸೌದಿಗೋ ದುಬೈಗೋ ಕೆಲಸಕ್ಕೆ ಹೋಗುವ ಹುಡುಗರಿಗೆ ರಕ್ತಪರೀಕ್ಷೆ ಕಡ್ಡಾಯ, ಪಾಸಿಟಿವ್ ಬಂದರೆ 'ಅನ್‌ಫಿಟ್'. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ವಾಪಸ್ ಕಳಿಸುತ್ತಾರೆ. ಅದು ಅನ್ಯಾಯವೇ, ಆದರೆ ಅದು ಆ ದೇಶಗಳ ಕಾನೂನು. ಅದನ್ನೇ ಇಡೀ ಜಗತ್ತಿಗೆ ಹಚ್ಚಿ ನಮ್ಮನ್ನು ಮನೆಯಲ್ಲಿ ಕೂರಿಸುವುದು ತಪ್ಪು.

ಅಮೆರಿಕದಲ್ಲೂ 1987ರಿಂದ ಇಂಥದ್ದೇ ನಿಷೇಧವಿತ್ತು. 1989ರಲ್ಲಿ ಏಡ್ಸ್ ಸಮ್ಮೇಳನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ನೆದರ್‌ಲೆಂಡ್ಸ್‌ನ ಹಾನ್ಸ್ ಪಾಲ್ ವೆರ್‌ಹೂಫ್ ಅವರ ಪೆಟ್ಟಿಗೆಯಲ್ಲಿ ಎಚ್‌ಐವಿಗೆ ಕೊಡುವ ಎಝಡ್‌ಟಿ ಮಾತ್ರೆ ಸಿಕ್ಕಿತೆಂದು ಮಿನ್ನಿಯಾಪೊಲಿಸ್‌ನಲ್ಲಿ ತಡೆದು ಜೈಲಿಗೆ ಹಾಕಿದ್ದರು. ಆ ನಿಷೇಧದ ಕಾರಣದಿಂದಲೇ 1992ರ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ಬಾಸ್ಟನ್ ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆಯಿತು. ಕೊನೆಗೆ 2010ರ ಜನವರಿ 4ರಂದು ನಿಷೇಧ ತೆರವಾಯಿತು. ವೀಸಾ ಅರ್ಜಿಯಲ್ಲಿ ಸಾಂಕ್ರಾಮಿಕ ರೋಗವಿದೆಯೇ ಎಂಬ ಪ್ರಶ್ನೆ ಈಗಲೂ ಇದೆ. ಅದು ಹೇಳುವ ರೋಗಗಳ ಪಟ್ಟಿಯಿಂದ ಎಚ್‌ಐವಿಯನ್ನು ಆಗಲೇ ತೆಗೆದಿದ್ದಾರೆ. ಅಲ್ಲಿ 'ಇಲ್ಲ' ಎಂದು ಗುರುತು ಹಾಕಿದರೆ ಸುಳ್ಳು ಹೇಳಿದಂತಲ್ಲ. ಇದನ್ನು ನನಗೆ ತಿಳಿಸಿದ್ದು ಮಗಳು. ಅವಳು ಹುಡುಕಿ ಓದದಿದ್ದರೆ ನಾನು ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ವೀಸಾ ಬಂತು. ಸಿಗದೇ ಹೋದದ್ದು ಮಾತ್ರೆ.

ಆರು ತಿಂಗಳಿಗೆ ಮಾತ್ರೆ ಬೇಕೆಂದು ಚಿಕಿತ್ಸೆಯ ದಾಖಲೆಯಾದ ಗ್ರೀನ್ ಬುಕ್ ಹಿಡಿದು ಎಆರ್‌ಟಿ ಕೇಂದ್ರಕ್ಕೆ ಹೋದೆ. ಮೂರು ತಿಂಗಳಿಗಿಂತ ಹೆಚ್ಚು ಕೊಡಲಾಗದು ಎಂದರು. ಹಾಗೆಂದು ಬರೆದಿರುವ ಆದೇಶ ತೋರಿಸಿ ಎಂದಾಗ ಯಾರೂ ತೋರಿಸಲಿಲ್ಲ. ಉಳಿದದ್ದನ್ನು ಮನೆಯವರ್‍ಯಾರಾದರೂ ಬಂದು ತೆಗೆದುಕೊಂಡು ಪೋಸ್ಟ್ ಮಾಡಲಿ ಎಂದರು. ಮಗಳೊಬ್ಬಳನ್ನು ಬಿಟ್ಟು ನಮ್ಮ ಕುಟುಂಬದಲ್ಲಿ ಯಾರಿಗೂ ನನ್ನ ವಿಷಯ ಗೊತ್ತಿಲ್ಲ. ಯಾರನ್ನು ಕಳಿಸಲಿ? ಹೊರಗೆ ಕೊಳ್ಳೋಣವೆಂದರೆ, ನಮ್ಮೂರ ಮೆಡಿಕಲ್ ಷಾಪಿನಲ್ಲಿ ಆ ಮಾತ್ರೆಯ ಹೆಸರು ಹೇಳಿದ ದಿನವೇ ಸಂಜೆಯೊಳಗೆ ಊರಿಗೆಲ್ಲ ತಿಳಿದಿರುತ್ತದೆ. ಹೋಗಲಿ, ಈ ಮಾತ್ರೆ ನನ್ನದೇ ಚಿಕಿತ್ಸೆಗೆ ಎಂದು ಒಂದು ಪತ್ರ ಬರೆದುಕೊಡಿ ಎಂದರೆ ಅದಕ್ಕೆ ಮೂರು ಸಲ ಅಲೆದಾಡಿಸಿದರು.

ಕೇಂದ್ರದ ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. 2022ರಲ್ಲಿ ಔಷಧದ ಕೊರತೆಯಾಗಿ, ನಮ್ಮಂಥವರೇ ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೊ) ಕಚೇರಿಯೆದುರು ದಿನಗಟ್ಟಲೆ ಧರಣಿ ಕೂತಿದ್ದರು. ದಾಸ್ತಾನಿನ ಭಯ ಅವರಿಗೂ ಇದೆ. ಆದರೆ ನಾನು ಹೊರಡುವ ದಿನ ನಾಲ್ಕು ತಿಂಗಳ ಮೊದಲೇ ಹೇಳಿದ್ದೆ. ಆರು ತಿಂಗಳಿಗೆ ಬೇಕಾದದ್ದು ನೂರೆಂಬತ್ತು ಮಾತ್ರೆ, ಮೂವತ್ತರ ಆರು ಡಬ್ಬಿ. ನಾನು ಇಲ್ಲಿದ್ದರೂ ನುಂಗಲೇಬೇಕಾದ ಮಾತ್ರೆಗಳವು, ಒಂದೂ ಹೆಚ್ಚಿಗೆ ಕೇಳಿದ್ದಲ್ಲ. ಚಿಕಿತ್ಸೆಗೆ ಚೆನ್ನಾಗಿ ಹೊಂದಿಕೊಂಡವರಿಗೆ ಮೂರರಿಂದ ಆರು ತಿಂಗಳ ಔಷಧವನ್ನು ಒಟ್ಟಿಗೆ ಕೊಡಿ, ಸಾಧ್ಯವಾದರೆ ಆರು ತಿಂಗಳದ್ದೇ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ತಲೆಯೆತ್ತುತ್ತದೆ, ಔಷಧಕ್ಕೆ ಬಗ್ಗದಂತಾಗಬಹುದು ಎಂದು ಪ್ರತಿ ಭೇಟಿಯಲ್ಲೂ ಎಚ್ಚರಿಸುವವರು ಇದೇ ಕೌನ್ಸೆಲರ್‌ಗಳಲ್ಲವೇ?

ನ್ಯೂಜೆರ್ಸಿಯಲ್ಲಿ ಇಳಿದಾಗ ಅಲ್ಲಿನ ಅಧಿಕಾರಿ ಆರು ತಿಂಗಳಿರಲು ಅನುಮತಿ ಕೊಟ್ಟರು. ಕೈಚೀಲದಲ್ಲಿದ್ದ ಡಬ್ಬಿಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಇಲ್ಲಿ ರಾತ್ರಿ ಒಂಬತ್ತಕ್ಕೆ ನುಂಗುತ್ತಿದ್ದ ಮಾತ್ರೆಯನ್ನು ಅಲ್ಲಿ ಬೇಸಿಗೆಯ ಲೆಕ್ಕದಲ್ಲಿ ಬೆಳಿಗ್ಗೆ ಹನ್ನೊಂದೂವರೆಗೆ ನುಂಗಿದೆ, ಒಂದು ದಿನವೂ ತಪ್ಪಿಸಲಿಲ್ಲ. ಮೂರು ತಿಂಗಳ ಮಾತ್ರೆ ಮುಗಿಯುತ್ತ ಬಂದದ್ದರಿಂದ ಎಂಬತ್ನಾಲ್ಕನೆಯ ದಿನ ವಾಪಸ್ ವಿಮಾನ ಹತ್ತಿದೆ. ಮಗುವಿಗೆ ಆಗಿನ್ನೂ ಎರಡು ತಿಂಗಳು ದಾಟಿತ್ತಷ್ಟೆ. ಮಗಳು ಕೆಲಸಕ್ಕೆ ಮರಳುವವರೆಗೆ ಇರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೆ.

ಪ್ರಯಾಣದ ಟಿಕೆಟ್ ತೋರಿಸಿದವರಿಗೆ ಆರು ತಿಂಗಳವರೆಗಿನ ಮಾತ್ರೆ, ವಿಮಾನ ತಡವಾದರೆ ಬೇಕೆಂದು ಇನ್ನೊಂದು ಡಬ್ಬಿ, ವೈದ್ಯರ ಸಹಿಯಿರುವ ಒಂದು ಪತ್ರ: ಇಷ್ಟನ್ನು ಕೊಡಬೇಕೆಂದು ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಎಲ್ಲ ಎಆರ್‌ಟಿ ಕೇಂದ್ರಗಳಿಗೆ ಲಿಖಿತ ಆದೇಶ ಕಳಿಸಲಿ, ಅದರ ಪ್ರತಿಯನ್ನು ಕೇಂದ್ರದ ಗೋಡೆಗೆ ಅಂಟಿಸಲಿ. ಮಗಳಿಗೆ ಎರಡನೆಯ ಮಗುವಾಗುವುದರೊಳಗೆ ಇಷ್ಟಾದರೂ ಆಗಲಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ಓರ್ವ ತಾಯಿ, ಕುಂದಾಪುರ ತಾಲ್ಲೂಕು
(ಹೆಸರು, ವಿಳಾಸವನ್ನು ಸಂಪಾದಕರಿಗೆ ತಿಳಿಸಿದ್ದೇನೆ, ದಯವಿಟ್ಟು ಪ್ರಕಟಿಸಬೇಡಿ)