ಮರಣಕಾರಣದ ಕೊನೆಯ ಸಾಲು

ಅನ್ನನಾಳ, ಜಠರ, ಯಕೃತ್ತು, ಮೇದೋಜೀರಕ ಗ್ರಂಥಿ, ದೊಡ್ಡ ಕರುಳು, ಗುದನಾಳ ಎಂಬ ಪಚನಾಂಗಗಳಲ್ಲಿ ಹುಟ್ಟುವ ಅರ್ಬುದಗಳು 2022ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರನ್ನು ಬಲಿತೆಗೆದುಕೊಂಡುವೆಂದು, ಎಂದರೆ ಆ ವರ್ಷ ಅರ್ಬುದದಿಂದ ಮಡಿದ ಪ್ರತಿ ಮೂವರಲ್ಲಿ ಒಬ್ಬರ ಸಾವಿಗೆ ಇವೇ ಕಾರಣವೆಂದು, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದಾಜು ಮಾಡಿದೆ. ಇಂತಹ ಅಂಕಗಳನ್ನು ಮುಂದಿನ ಹತ್ತಿಪ್ಪತ್ತು ವರ್ಷಗಳಿಗೆ ವಿಸ್ತರಿಸಿ, ಯಾವ ದೇಶದಲ್ಲಿ ಎಷ್ಟು ಮಂದಿ ಸಾಯುವರೆಂದು ಮುಂಗಾಣುವ ವಿದ್ಯೆ ಈಗ ಬಹಳ ಬೆಳೆದಿದೆ. ನಮ್ಮ ದೇಶವನ್ನು ಕುರಿತ ಮುನ್ನಂದಾಜುಗಳೂ ಬರುತ್ತಲೇ ಇವೆ. ಅವುಗಳನ್ನು ಓದಿ ಭಯಪಡುವುದಕ್ಕೆ ಮೊದಲು, ಅವು ಯಾವ ತಳಹದಿಯ ಮೇಲೆ ನಿಂತಿವೆಯೆಂಬುದನ್ನು ವಿಚಾರಿಸತಕ್ಕುದು.

ಗಣನೆಯ ಕ್ರಮ ಮೇಲುನೋಟಕ್ಕೆ ಸರಳವಾದುದು. ಪ್ರತಿ ಲಕ್ಷ ಜನರಲ್ಲಿ ಎಷ್ಟು ಮರಣಗಳಾದುವೆಂಬುದನ್ನು ವಯಸ್ಸಿನ ಪ್ರಕಾರ ವಿಂಗಡಿಸಿ, ವರ್ಷ ವರ್ಷಕ್ಕೆ ಅದು ಏರಿದ ಅಥವಾ ಇಳಿದ ಗತಿಯನ್ನು ಗುರುತಿಸಿ, ಅದೇ ಗತಿಯನ್ನು ಮುಂದಕ್ಕೂ ಎಳೆಯುವುದು. ಆದರೆ ಇಷ್ಟನ್ನೇ ನೆಚ್ಚಿದವನಿಗೆ ಜಠರದ ಅರ್ಬುದದ ಚರಿತ್ರೆ ಒಂದು ಪಾಠ. 1930ರ ಸುಮಾರಿನಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಗಂಡಸರಲ್ಲಿ ಅರ್ಬುದ ಮರಣಗಳಿಗೆ ಅದೇ ಪ್ರಥಮ ಕಾರಣವಾಗಿದ್ದಿತು. ಮುಂದಿನ ದಶಕಗಳಲ್ಲಿ, ಅದನ್ನು ತಡೆಯಬೇಕೆಂದು ಯಾವ ಸರ್ಕಾರವೂ ಯೋಜನೆ ಹೂಡದೆಯೆ, ಅದು ಒಂದೇ ಸಮನೆ ಇಳಿಯುತ್ತ ಹೋಯಿತು. ಉಪ್ಪಿನಲ್ಲಿಟ್ಟ ಮತ್ತು ಹೊಗೆಯಲ್ಲಿ ಒಣಗಿಸಿದ ಆಹಾರದ ಬದಲು ತಾಜಾ ತರಕಾರಿ ಹಣ್ಣುಗಳು ಮನೆಗೆ ಬಂದುದು, ಫ್ರಿಜ್ ಬಂದುದು, ನೀರು ನಿರ್ಮಲವಾದುದು, ಇವೆಲ್ಲವೂ ಅದಕ್ಕೆ ನೆರವಾದುವು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ವೈದ್ಯರು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು ಜಠರದಲ್ಲಿ ಪತ್ತೆಮಾಡಿದುದು ಎಂಬತ್ತರ ದಶಕದ ಆರಂಭದಲ್ಲಿ. ಅದು ಅರ್ಬುದಕಾರಕವೆಂದು ಲಿಯಾನಿನ ಸಂಸ್ಥೆ ನಿರ್ಣಯಿಸಿದುದು 1994ರಲ್ಲಿ. ಆ ಇಬ್ಬರಿಗೆ ನೊಬೆಲ್ ಪಾರಿತೋಷಕ ಬಂದುದು 2005ರಲ್ಲಿ. ಇಳಿಮುಖಕ್ಕೆ ಮುಖ್ಯ ಕಾರಣವೊಂದು ಲೋಕಕ್ಕೆ ತಿಳಿದುದು ಇಳಿಮುಖವು ಬಹುದೂರ ಸಾಗಿದ ಮೇಲೆ.

ಈ ರೋಗಾಣು ಸಾಮಾನ್ಯವಾಗಿ ದೇಹವನ್ನು ಸೇರುವುದು ಎಳೆಯ ವಯಸ್ಸಿನಲ್ಲಿ, ಇಕ್ಕಟ್ಟಾದ ಮನೆಗಳಲ್ಲಿ, ಅಶುದ್ಧವಾದ ನೀರಿನ ನೆರೆಯಲ್ಲಿ. ಅದರ ದುಷ್ಫಲ ತೋರುವುದು ಅರವತ್ತು ಎಪ್ಪತ್ತರ ಪ್ರಾಯದಲ್ಲಿ. ಆದುದರಿಂದ ವಿವೇಕಿಯಾದ ಗಣಕನು ಇಸವಿಯನ್ನು ಮಾತ್ರ ನೋಡದೆ, ಸತ್ತವರು ಯಾವ ತಲೆಮಾರಿನಲ್ಲಿ ಹುಟ್ಟಿದವರೆಂಬುದನ್ನೂ ನೋಡುತ್ತಾನೆ; 2040ರಲ್ಲಿ ಈ ವ್ಯಾಧಿಯಿಂದ ಸಾಯುವವರ ಬಾಲ್ಯ ಈಗಾಗಲೇ ಮುಗಿದುಹೋಗಿರುವುದರಿಂದ, ಭವಿಷ್ಯದ ಒಂದು ಭಾಗ ಭೂತಕಾಲದಲ್ಲಿಯೇ ಬರೆದಿಟ್ಟಂತಾಗಿದೆ. ಯಕೃತ್ತಿನ ವಿಷಯವೂ ಇದಕ್ಕೆ ಸಮೀಪವಾದುದು. ತೈವಾನ್ 1984ರಲ್ಲಿ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಲಾರಂಭಿಸಿ, ಹದಿಮೂರು ವರ್ಷ ತುಂಬುವುದರೊಳಗೆ ಮಕ್ಕಳಲ್ಲಿ ಯಕೃತ್ತಿನ ಅರ್ಬುದ ಹೆಚ್ಚುಕಡಮೆ ಅರ್ಧಕ್ಕಿಳಿದುದನ್ನು ಕಂಡಿತು. ನಮ್ಮಲ್ಲಿ ಆ ಲಸಿಕೆ ದೇಶವ್ಯಾಪಿಯಾದುದು 2011ರಲ್ಲಿ. ಆ ವರ್ಷ ಹುಟ್ಟಿದ ಕೂಸು ಐವತ್ತು ಮುಟ್ಟುವುದು 2061ರಲ್ಲಿ. ಲಸಿಕೆಯ ಪೂರ್ಣ ಫಲಕ್ಕಾಗಿ ನಾವು ಅಲ್ಲಿಯವರೆಗೆ ಕಾಯಬೇಕು.

ಆದರೆ ಎಷ್ಟೇ ಸೂಕ್ಷ್ಮವಾದ ಗಣಿತವಾದರೂ ಅದಕ್ಕೆ ಊಡುವ ಅಂಕಗಳಿಗಿಂತ ಉತ್ತಮವಾಗಲಾರದು; ನನ್ನ ಚಿಂತೆಯೆಲ್ಲ ಇರುವುದು ಇಲ್ಲಿ. 1982ರಲ್ಲಿ ಬೆಂಗಳೂರು, ಮುಂಬಯಿ, ಮದರಾಸುಗಳ ಜನಸಂಖ್ಯಾಧಾರಿತ ಅರ್ಬುದ ದಾಖಲೆಗಳಿಂದ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಸ್ತುತ್ಯವಾದುದು. ನಮ್ಮ ಬೆಂಗಳೂರಿನ ಕಿದ್ವಾಯಿ ಅರ್ಬುದ ಸಂಸ್ಥೆಯಲ್ಲಿ ಅಂದಿನಿಂದ ಆ ಕಡತಗಳನ್ನು ಶ್ರದ್ಧೆಯಿಂದ ಬೆಳಸಿಕೊಂಡು ಬಂದವರಿಗೆ ನಾಡು ಋಣಿಯಾಗಿದೆ. ಆದರೂ ಅಂತಹ ದಾಖಲೆಗಳ ವ್ಯಾಪ್ತಿಗೆ ಬಂದಿರುವುದು ದೇಶದ ಜನತೆಯ ಅಲ್ಪಭಾಗ. ಮಿಕ್ಕವರ ಸಾವಿನ ಕಾರಣವನ್ನು ತಿಳಿಯಲು ಮರಣ ನೋಂದಣಿಯೇ ಗತಿಯೆನ್ನೋಣವೆಂದರೆ, ನೋಂದಣಿಯಾದ ಮರಣಗಳಲ್ಲಿ ವೈದ್ಯರ ಕಾರಣಪತ್ರ ಪಡೆಯುವುವು ನಾಲ್ಕರಲ್ಲೊಂದು ಪಾಲಿಗಿಂತಲೂ ಕಡಮೆ. ಈ ಕೊರತೆಯನ್ನು ನೀಗಲೆಂದೇ, ಸತ್ತವರ ಮನೆಮನೆಗೆ ಹೋಗಿ ಬಂಧುಗಳಿಂದ ರೋಗಲಕ್ಷಣಗಳನ್ನು ಕೇಳಿ ಬರೆದುಕೊಂಡು ಕಾರಣವನ್ನು ನಿಶ್ಚಯಿಸಿದ ದೊಡ್ಡದೊಂದು ಅಧ್ಯಯನ ನಡೆಯಿತು. 2010ರಲ್ಲಿ ಭಾರತದಲ್ಲಿ ಅರ್ಬುದದಿಂದ ಸತ್ತವರು ಸುಮಾರು 5.6 ಲಕ್ಷವೆಂದೂ, ಮೂವತ್ತರಿಂದ ಅರವತ್ತೊಂಬತ್ತರ ಪ್ರಾಯದೊಳಗೆ ಹಾಗೆ ಸತ್ತ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಜಠರದ ಅರ್ಬುದ ಎರಡನೆಯ ಸ್ಥಾನದಲ್ಲಿತ್ತೆಂದೂ ಅದರಿಂದ ತಿಳಿದುಬಂದಿತು.

ಆಸ್ಪತ್ರೆಯಲ್ಲಿ ಸತ್ತವರ ಪತ್ರಗಳಾದರೂ ಸರಿಯಾಗಿವೆಯೆ? ಆ ನಮೂನೆಯಲ್ಲಿ ಮೊದಲ ಸಾಲು ಮರಣದ ತಕ್ಷಣದ ಕಾರಣಕ್ಕೆ, ಅದರ ಕೆಳಗಿನ ಸಾಲುಗಳು ಅದಕ್ಕೆ ಎಡೆಕೊಟ್ಟ ವ್ಯಾಧಿಗಳಿಗೆ, ಕಟ್ಟಕಡೆಯದು ಎಲ್ಲಕ್ಕೂ ಮೂಲವಾದ ರೋಗಕ್ಕೆ ಮೀಸಲು. ರಾಷ್ಟ್ರದ ಲೆಕ್ಕಕ್ಕೆ ಹೋಗಬೇಕಾದುದು ಆ ಮೂಲರೋಗ. ಹೃದಯ ನಿಂತುದರಿಂದ ಸತ್ತನೆಂದು ಮೊದಲ ಸಾಲಿನಲ್ಲಿ ಬರೆದು ಉಳಿದುವನ್ನು ಬರಿದಾಗಿ ಬಿಟ್ಟರೆ, ವರ್ಷವಿಡೀ ಮೇದೋಜೀರಕ ಗ್ರಂಥಿಯ ಅರ್ಬುದದಿಂದ ಸವೆದ ಮನುಷ್ಯನೊಬ್ಬನು ಹೃದ್ರೋಗಿಗಳ ಪಟ್ಟಿಯಲ್ಲಿ ಮಾಯವಾಗುತ್ತಾನೆ. ಕರುಳಿನಲ್ಲಿ ಹುಟ್ಟಿ ಯಕೃತ್ತಿಗೆ ಹರಡಿದುದನ್ನು ಯಕೃತ್ತಿನದೆಂದೇ ಬರೆದರೆ ಎರಡು ಅಂಗಗಳ ಲೆಕ್ಕವೂ ಕೆಡುತ್ತದೆ. ಅಂತಹ ಪತ್ರಗಳ ರಾಶಿಯಿಂದ ತೆಗೆದ 2040ರ ಮುನ್ನಂದಾಜಿಗೆ ದಶಮಾಂಶದ ನಿಖರತೆಯನ್ನು ಆರೋಪಿಸುವುದು ಆತ್ಮವಂಚನೆ. ಎಲ್ಲಿ ಎಂಡೋಸ್ಕೋಪಿ ಬೇಕು, ಎಲ್ಲಿ ಶಸ್ತ್ರವೈದ್ಯರು ಬೇಕು, ಎಲ್ಲಿ ನೋವು ನೀಗುವ ಮಾರ್ಫಿನ್ ಬೇಕು ಎಂಬ ತೀರ್ಮಾನಗಳೆಲ್ಲ ಆ ಅಂಕಗಳನ್ನೇ ಆಶ್ರಯಿಸಿರುವುದರಿಂದ, ಬರೆಯದೆ ಬಿಟ್ಟ ಸಾಲಿನ ನಷ್ಟ ತಗಲುವುದು ಮುಂದೆ ರೋಗಿಗಳಾಗುವವರಿಗೆ.

ವೈದ್ಯಕೀಯ ಕಾಲೇಜುಗಳು ಈ ಪತ್ರವನ್ನು ಬರೆಯುವ ವಿಧಾನವನ್ನು ಪ್ರತಿಯೊಬ್ಬ ಹೌಸ್ ಸರ್ಜನನಿಗೂ ಅಭ್ಯಾಸಮಾಡಿಸಲಿ. ಸರ್ಕಾರ ಹಳ್ಳಿಗಳಲ್ಲಿ ಮನೆಯಲ್ಲಿಯೇ ಆಗುವ ಮರಣಗಳ ಕಾರಣವನ್ನು ವಿಚಾರಿಸಲು ತರಬೇತಾದವರನ್ನು ನೇಮಿಸಲಿ. 2023ರಲ್ಲಿ ತಿದ್ದುಪಡಿಯಾದ ಜನನ ಮರಣ ನೋಂದಣಿ ಕಾಯಿದೆ, ಕಾರಣಪತ್ರದ ಪ್ರತಿಯೊಂದನ್ನು ಮೃತರ ಸಮೀಪ ಬಂಧುವಿಗೂ ಕೊಡಬೇಕೆಂದು ವಿಧಿಸಿದೆ. ಓದುಗರು ದುಃಖದ ನಡುವೆಯೂ ಆ ಪ್ರತಿಯನ್ನು ಕೇಳಿ ಪಡೆದು, ಕೊನೆಯ ಸಾಲನ್ನು ಓದಿ, ಅದು ಬರಿದಾಗಿದ್ದರೆ ತುಂಬಿಕೊಡಿರೆಂದು ವೈದ್ಯರನ್ನು ವಿನಯದಿಂದ, ಆದರೆ ಬಿಡದೆ, ಕೇಳಬೇಕೆಂದು ಪ್ರಾರ್ಥಿಸುತ್ತೇನೆ.